ಥೂ ಅಂದವರಿಗೆ ಉಪಕಾರ ಹೇಳಬಾರದು

ವಕೀಲ ಸಿಗ್ವಾರ್ಟ್ ಲಿಂಡೋಸ್ ಕಚೇರಿ ಬಿಟ್ಟು ನಾಟಕದ ಮಂದಿಯ ಜೊತೆ ಸೇರಿಕೊಂಡನಂತೆ ಎಂಬ ಸುದ್ದಿ ಬರ್ಗೆನ್ನಿನ ಮೀನುಪೇಟೆಗೆ ಮುಟ್ಟಿದಾಗ ಅಲ್ಲಿನ ಹೆಂಗಸರು ಮೀನಿನ ತಲೆ ಕತ್ತರಿಸುವುದನ್ನು ಒಂದು ಗಳಿಗೆ ನಿಲ್ಲಿಸಿದರು. ಒಂದೇ ಗಳಿಗೆ. ಮೀನು ಕಾಯುತ್ತದೆಯೇ?

“ಇರಲಾರ್ದೆ ಇರುವೆ ಬಿಟ್ಕೊಂಡ ಅಂದ್ರೆ ಇದೇ ನೋಡು,” ಅಂದಳು ಒಬ್ಬಳು.

“ಹೊಟ್ಟೆ ತುಂಬಿದೋರ ಹುಚ್ಚು ಕಣೇ,” ಅಂದಳು ಇನ್ನೊಬ್ಬಳು.

ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುವುದು ಎಲ್ಲ ಊರಿಗೂ ಸಲ್ಲುವ ಮಾತೇ. ಬರ್ಗೆನ್ನಿಗೆ ತುಸು ಹೆಚ್ಚು ಸಲ್ಲುತ್ತದೆ. ವರ್ಷವಿಡೀ ಮಳೆ ಹೊಯ್ಯುವ ಊರಿನಲ್ಲಿ ಒಳಗೆ ಕೂತವರಿಗೆ ಕಾಫಿ, ಮಾತು ಬಿಟ್ಟರೆ ಇನ್ನೇನಿದೆ? ಅದು ಸಾವಿರದ ಒಂಬೈನೂರ ಹನ್ನೆರಡನೆಯ ಇಸವಿ. ಮೂವತ್ತೆಂಟರ ಸಿಗ್ವಾರ್ಟ್ ಆ ಚಳಿಗಾಲಕ್ಕೆ ಬೇಕಾದಷ್ಟು ಮಾತನ್ನು ಊರಿಗೆ ಒದಗಿಸಿಕೊಟ್ಟ.

ಅವನು ವಕೀಲಿಕೆ ಬಿಟ್ಟದ್ದಕ್ಕೆ ಕಾರಣವಿತ್ತು. ದ್ವೀಪದ ಕಡೆಯ ಒಬ್ಬ ವಿಧವೆಯ ದೋಣಿಯನ್ನು ನೆರೆಯವನು ತನ್ನದೆಂದು ಎಳೆದುಕೊಂಡು ಹೋಗಿದ್ದ. ವಿಧವೆಯ ಪರ ನಿಂತವನು ಸಿಗ್ವಾರ್ಟ್. ಕಟಕಟೆಯಲ್ಲಿ ಆ ಹೆಂಗಸು ಹೇಳಿದ್ದೆಲ್ಲ ನಿಜ. ಆದರೆ ತೊದಲಿ, ತಡವರಿಸಿ, ನೆಲ ನೋಡಿಕೊಂಡು ಹೇಳಿದಳು. ನೆರೆಯವನು ಹೇಳಿದ್ದೆಲ್ಲ ಹಸಿ ಸುಳ್ಳು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಒರೆಸಿಕೊಳ್ಳಬೇಕಾದ ಕಡೆ ಕಣ್ಣು ಒರೆಸಿಕೊಂಡು ಹೇಳಿದ. ದೋಣಿ ಅವನ ಪಾಲಾಯಿತು. ವಿಧವೆ ನ್ಯಾಯಾಲಯದ ಮೆಟ್ಟಿಲ ಮೇಲೆ ಸಿಗ್ವಾರ್ಟನ ಕೈ ಕುಲುಕಿ, “ನನಗೋಸ್ಕರ ಕಷ್ಟ ಪಟ್ರಿ, ಉಪಕಾರ ಆಯ್ತು,” ಎಂದಳು. ಅವಳು ಬೈದಿದ್ದರೆ ಅವನು ವಕೀಲನಾಗಿಯೇ ಉಳಿಯುತ್ತಿದ್ದನೋ ಏನೋ.

“ಅಲ್ಲಿ ಗೆಲ್ಲೋದು ನಟನೆ,” ಎಂದ ಅವನು ಅಂದು ಸಂಜೆ ಹೆಂಡತಿ ಓಗೋತಳಿಗೆ. “ಅದೇ ಆಗೋದಾದ್ರೆ, ನಟನೆ ಅಂತ ಬೋರ್ಡು ಹಾಕ್ಕೊಂಡು ಮಾಡೋ ಕಡೆಗೇ ಹೋಗ್ತೀನಿ. ಅಲ್ಲಿ ಯಾರ ದೋಣೀನೂ ಹೋಗಲ್ಲ.”

ಓಗೋತ್ ಮೀನಿನ ಸಾರು ಬಡಿಸುತ್ತಿದ್ದಳು. “ಹೋಗಿ. ಆದ್ರೆ ನಮ್ಮಪ್ಪನಿಗೆ ನೀವೇ ಹೇಳ್ಬೇಕು. ನನ್ ಕೈಲಾಗಲ್ಲ,” ಎಂದಳು.

ಆ ಅಪ್ಪನದೇ ವಕೀಲಿ ಕಚೇರಿ. ಕೇಳಿದ ಮೇಲೆ ಅವರು ಕೆಲವು ವರ್ಷ ಅಳಿಯನ ಜೊತೆ ಮಾತಾಡಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ. ಕುರಿಯ ಪಕ್ಕೆಲುಬಿನ ತಟ್ಟೆಯನ್ನು ಅವನ ಕಡೆ ಸರಿಸಿ, ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು.

ಹಡಗುಕಟ್ಟೆಯ ಹತ್ತಿರದ ಆ ನಾಟಕಶಾಲೆಗೆ ನಿರ್ದೇಶಕನಾಗಿ ಅವನನ್ನು ಕರೆದವರು ಆಡಳಿತ ಮಂಡಳಿಯ ಯಜಮಾನ, ಹಡಗಿನ ಸಾಹುಕಾರ ಮೋನ್ಸೆನ್. ಹಿಂದಿನ ನಿರ್ದೇಶಕ ಒಂದು ಬೆಳಿಗ್ಗೆ ಹೇಳದೆ ಕೇಳದೆ ಕೋಪನ್‌ಹೇಗನ್ನಿನ ಹಡಗು ಹತ್ತಿದ್ದ. ವಕೀಲನಾದರೆ ಓಡಿಹೋಗಲಾರ ಎನ್ನುವುದು ಮೋನ್ಸೆನ್ನರ ಲೆಕ್ಕಾಚಾರ. ನಾಟಕದ ಬಗ್ಗೆ ಸಿಗ್ವಾರ್ಟನಿಗೆ ಏನು ಗೊತ್ತು ಎಂದು ಅವರು ಕೇಳಲೂ ಇಲ್ಲ.

ಕೇಳಿದವಳು ಬೋರ್ಗಿಲ್ಡ್. ಆಕೆ ಆ ನಾಟಕಶಾಲೆಯ ದೊಡ್ಡ ನಟಿ, ಹೆರಿಂಗ್ ಮೀನಿಗೆ ಉಪ್ಪು ಹಾಕುವವನ ಮಗಳು. ಗಾಳಿಯೆದುರು ಕೂಗಿ ಕೂಗಿ ಬಲಿತ ದನಿ. ಮೊದಲ ದಿನ ಸಿಗ್ವಾರ್ಟ್ ಛತ್ರಿ ಮಡಚಿಕೊಂಡು ಒಳಗೆ ಕಾಲಿಟ್ಟಾಗ ಆಕೆ ಅವನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು.

“ವಕೀಲ್ರಾ? ಯಾರ್ ಮೇಲಪ್ಪಾ ಕೇಸು?”

ಎಲ್ಲರೂ ಗೊಳ್ಳೆಂದರು. ಮಿಕ್ಕವರು ವಾರದೊಳಗೆ ಅವನನ್ನು ‘ಡೈರೆಕ್ಟ್ರೇ’ ಎನ್ನತೊಡಗಿದರು. ಬೋರ್ಗಿಲ್ಡ್ ‘ವಕೀಲ್ರೇ’ ಬಿಡಲಿಲ್ಲ. ಸಿಗ್ವಾರ್ಟನೂ ನಕ್ಕು ಸುಮ್ಮನಾದ. ಆದರೆ ‘ಡೈರೆಕ್ಟ್ರೇ’ ಎಂಬ ಆ ಮಾತು ಆಕೆಯ ಬಾಯಿಂದ ಬರುವವರೆಗೆ ತಾನು ಈ ಮನೆಗೆ ನೆಂಟನೇ ಹೊರತು ಮನೆಯವನಲ್ಲ ಎಂದು ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾಗಿ, ಅದು ಬೇಕೇ ಬೇಕು ಅನ್ನಿಸಿತು. ಮಾವನ ಸಿಟ್ಟಾಗಲಿ ಮೀನುಪೇಟೆಯ ನಗೆಯಾಗಲಿ ಅವನನ್ನು ಅಷ್ಟು ಕಾಡಲಿಲ್ಲ.

ಮೊದಲ ನಾಟಕದ ಸಂಜೆಯೇ ಎಡವಟ್ಟಾಯಿತು.

ಈ ನಾಡಿನಲ್ಲಿ ಉಪಕಾರ ಹೇಳದ ಬಾಯಿಯಿಲ್ಲ. ಉಂಡು ಎದ್ದರೆ ಊಟಕ್ಕೆ ಉಪಕಾರವಾಯಿತು. ದಾರಿಯಲ್ಲಿ ಸಿಕ್ಕರೆ, ಹಿಂದಿನ ಸಲ ಸಿಕ್ಕಿದ್ದಕ್ಕೆ ಉಪಕಾರವಾಯಿತು. ಸತ್ತವರ ಕಲ್ಲಿನ ಮೇಲೆ ಕೆತ್ತಿಸುವುದೂ ಅದನ್ನೇ: ಎಲ್ಲದಕ್ಕೂ ಉಪಕಾರವಾಯಿತು. ನಾಟಕದವರು ಮಾತ್ರ ಒಂದೇ ಒಂದು ಕಡೆ ಬಾಯಿ ಬಿಗಿಹಿಡಿಯುತ್ತಾರೆ. ಹೊಸ ನಾಟಕದ ಮೊದಲ ಸಂಜೆ, ಪರದೆ ಏಳುವ ಮುಂಚೆ, ಒಬ್ಬರು ಇನ್ನೊಬ್ಬರ ಹಿಂದೆ ಬಂದು ಹೆಗಲ ಮೇಲಿಂದ ಥೂ ಥೂ ಎಂದು ಉಗುಳಿದ ಹಾಗೆ ಮಾಡಿ, ಮೊಣಕಾಲಿನಿಂದ ಹಿಂಭಾಗಕ್ಕೆ ಒಂದು ಗುದ್ದು ಕೊಡುತ್ತಾರೆ. ಕೆಟ್ಟ ಕಣ್ಣು ತಾಗದಿರಲಿ ಅಂತ. ಗುದ್ದಿಸಿಕೊಂಡವರು ತುಟಿ ಬಿಚ್ಚಬಾರದು. ಉಪಕಾರ ಅಂದರೋ, ಕೆಟ್ಟಿತು.

ಆ ಸಂಜೆ ಬೋರ್ಗಿಲ್ಡ್ ರಾಣಿಯ ಉಡುಪಿನಲ್ಲಿ ಬಂದು, ಎಷ್ಟಾದರೂ ಹೊಸಬ ಎಂಬ ಕನಿಕರದಿಂದ, ಅವನ ಹೆಗಲ ಮೇಲಿಂದ ಥೂ ಥೂ ಅಂದು ಮೊಣಕಾಲು ತಾಗಿಸಿದಳು. ಒಳ್ಳೆಯ ಮನೆಯಲ್ಲಿ ಬೆಳೆದ ಸಿಗ್ವಾರ್ಟ್ ತಿರುಗಿ, ಟೋಪಿ ಎತ್ತಿ, “ತುಂಬಾ ಉಪಕಾರ ಆಯ್ತು ಬೋರ್ಗಿಲ್ಡಮ್ಮ,” ಎಂದುಬಿಟ್ಟ.

ಸೇವಕನ ಪಾತ್ರದವನು ಕೈಯಲ್ಲಿದ್ದ ತಟ್ಟೆ ಬೀಳಿಸಿದ. ಮಾತು ಮರೆತವರಿಗೆ ಮಾತು ಎತ್ತಿಕೊಡುವ ಥೋರಾ, ರಂಗದ ಮುಂಭಾಗದಲ್ಲಿ ನೆಲಕ್ಕೆ ಹುದುಗಿದ ತನ್ನ ಪೆಟ್ಟಿಗೆಗೆ ಇಳಿಯಲು ಹೊರಟವಳು, ನಿಂತಲ್ಲೇ ನಿಂತಳು. ಬೋರ್ಗಿಲ್ಡ್ ಕಣ್ಣು ಮುಚ್ಚಿ ತೆರೆದಳು.

“ಆಯ್ತಲ್ಲಪ್ಪ ವಕೀಲ್ರೇ. ಬೆಂಕಿ ಹಚ್ಚೋದೊಂದು ಬಾಕಿ ಇತ್ತು.”

ಎರಡನೆಯ ಅಂಕದಲ್ಲಿ ಅರಮನೆಯ ಗೋಡೆ ಸಾವಕಾಶವಾಗಿ ವಾಲಿಕೊಂಡು ಬಂದು ರಾಜನ ಬೆನ್ನ ಮೇಲೆ ಕೂತಿತು. ರಾಜ ಮಹಾ ಧೈರ್ಯವಂತ; ಗೋಡೆ ಹೊತ್ತುಕೊಂಡೇ ಮಾತು ಮುಗಿಸಿದ. ಜನ ಬಿದ್ದು ಬಿದ್ದು ನಕ್ಕರು. ಅದು ದುಃಖದ ನಾಟಕ. ಗೋಡೆಗೆ ಸರಿಯಾಗಿ ಮೊಳೆ ಹೊಡೆದಿರಲಿಲ್ಲ ಎಂದು ಸಿಗ್ವಾರ್ಟ್ ಮರುದಿನ ಎಲ್ಲರೆದುರು ರುಜುವಾತು ಮಾಡಿದ. ವಕೀಲ ತಾನೇ, ವಾದ ಚೆನ್ನಾಗಿತ್ತು. ಬೋರ್ಗಿಲ್ಡ್ ಪೂರ್ತಿ ಕೇಳಿ, “ಮೊಳೆ ಸರಿಯಾಗೇ ಇತ್ತು ವಕೀಲ್ರೇ, ನಿಮ್ ನಾಲಿಗೇನೇ ಸಡಿಲ,” ಎಂದಳು.

ಆದರೂ ಅವನು ಓಡಿಹೋಗಲಿಲ್ಲ. ಮೋನ್ಸೆನ್ನರ ಲೆಕ್ಕಾಚಾರ ಅಷ್ಟರಮಟ್ಟಿಗೆ ಸರಿಯಿತ್ತು.

ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ಸಾಕ್ಷಿಯನ್ನು ಪ್ರಶ್ನೆ ಕೇಳುವುದು. ತಾಲೀಮಿನಲ್ಲೂ ಅದನ್ನೇ ಹಿಡಿದ. ‘ಹೀಗೆ ನಿಂತುಕೊಳ್ಳಿ, ಹೀಗೆ ಕೈ ಎತ್ತಿ’ ಎನ್ನುವ ಹಳೆಯ ಪದ್ಧತಿಯೇ ಅವನಿಗೆ ತಿಳಿಯದು. ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿದ್ದ.

“ಈ ಕೋಣೆಗೆ ಬರೋ ಮುಂಚೆ ನೀವು ಎಲ್ಲಿದ್ರಿ?”

“ಪಕ್ಕದ ಪರದೆ ಹಿಂದೆ ನಿಂತಿದ್ದೆ. ಇನ್ನೆಲ್ಲಿರ್ತೀನಿ?” ಅಂದಳು ಬೋರ್ಗಿಲ್ಡ್.

“ನೀವಲ್ಲ, ಈ ಹೆಂಗಸು. ಎಲ್ಲಿದ್ಲು?”

“ಪುಸ್ತಕದಲ್ಲಿ ಬರೆದಿಲ್ಲವಲ್ಲ.”

“ಬರೆದಿದ್ದನ್ನ ಎಲ್ರೂ ಓದ್ತಾರೆ. ಬರೀದೆ ಇರೋದು ಅವಳಿಗೊಬ್ಬಳಿಗೇ ಗೊತ್ತು. ಕೈ ಒದ್ದೆ ಇತ್ತಾ, ಒಣಗಿತ್ತಾ?”

ಬೋರ್ಗಿಲ್ಡ್ ಕೈ ನೋಡಿಕೊಂಡಳು. “ಒದ್ದೆ ಇತ್ತು. ಮಗಳ ಕೂದಲು ತೊಳೀತಾ ಇದ್ಲು,” ಅಂದಳು. ಅಂದವಳು ಆ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಕೋಣೆಯೊಳಗೆ ಬಂದಳು. ಬಂದ ರೀತಿಗೆ ಮಿಕ್ಕವರು ಕಾಫಿ ಬಟ್ಟಲು ಕೆಳಗಿಟ್ಟರು. ಆಕೆ ಅದನ್ನು ಗಮನಿಸಿದಳು. “ನಾನೇನು ಕಳ್ಳಿ ಅಲ್ಲ, ಹಿಂಗೆಲ್ಲಾ ಪಾಟೀಸವಾಲು ಹಾಕೋಕೆ,” ಎಂದು ಗೊಣಗಿದಳು. ಮರುದಿನ ತಾಲೀಮಿಗೆ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು.

ವರ್ಷಗಳು ಹೋದವು. ಗೋಡೆ ಮತ್ತೆ ಬೀಳಲಿಲ್ಲ. ರಾಜಧಾನಿ ಕ್ರಿಸ್ಟಿಯಾನಿಯಾದಿಂದ ಪತ್ರಿಕೆಯವರು ರೈಲು ಹತ್ತಿಕೊಂಡು ಬಂದು ನಾಟಕ ನೋಡಿದರು. ಆ ಪಟ್ಟಣ ತನ್ನ ಹೆಸರನ್ನು ಓಸ್ಲೋ ಎಂದು ಬದಲಾಯಿಸಿಕೊಂಡ ಮೇಲೂ ಬಂದರು. ಮೀನುಪೇಟೆಯ ಹೆಂಗಸರು ಭಾನುವಾರದ ಟೋಪಿ ಹಾಕಿಕೊಂಡು ಮೇಲಟ್ಟದಲ್ಲಿ ಕೂತು ಅತ್ತರು. ಮಾವ ಒಂದು ಕ್ರಿಸ್‌ಮಸ್‌ಗೆ ಬಾಯಿ ಬಿಟ್ಟು, “ಆಲೂಗಡ್ಡೆ ಹಾಕ್ಕೋ,” ಎಂದರು. ಊರು ಅಭ್ಯಾಸಬಲದಿಂದ ಅವನನ್ನು ವಕೀಲ ಲಿಂಡೋಸ್ ಎಂದೇ ಕರೆಯಿತು. ಅದರ ಬಗ್ಗೆ ಅವನಿಗೇನೂ ಬೇಸರವಿರಲಿಲ್ಲ. ಬೋರ್ಗಿಲ್ಡಳ ‘ವಕೀಲ್ರೇ’ ಮಾತ್ರ ಪ್ರತಿಸಲವೂ ಚುಚ್ಚುತ್ತಿತ್ತು. ಮೊದಲ ಸಂಜೆಗಳಲ್ಲಿ ಆಕೆ ತಪ್ಪದೆ ಅವನ ಹೆಗಲ ಮೇಲಿಂದ ಥೂ ಥೂ ಎನ್ನುವಳು, ಅವನು ಆಕೆಗೆ ಎನ್ನುವನು, ಇಬ್ಬರೂ ತುಟಿ ಹೊಲಿದುಕೊಂಡವರ ಹಾಗೆ ನಿಲ್ಲುವರು. ಆಟ ಮುಗಿದ ಮೇಲೆ ಎಲ್ಲರೂ ‘ಇವತ್ತಿನ ಸಂಜೆಗೆ ಉಪಕಾರವಾಯಿತು’ ಎಂದು ಕೈ ಕುಲುಕಿ ಮನೆಗೆ ಹೋಗುತ್ತಾರಲ್ಲ, ಬೋರ್ಗಿಲ್ಡ್ ಅದನ್ನೂ ಅವನಿಗೆ ಹೇಳುತ್ತಿರಲಿಲ್ಲ. “ನಿಮ್ ಹತ್ರ ಆ ಮಾತು ಆಡೋಕೇ ಭಯ ಕಣ್ರೀ,” ಅನ್ನುವಳು.

ಮೂವತ್ತರ ದಶಕಕ್ಕೆ ಬರುವಾಗ ಎರಡು ಕೆಟ್ಟ ಸಂಗತಿಗಳು ಒಟ್ಟಿಗೆ ಬಂದವು. ಮಾತಾಡುವ ಸಿನಿಮಾ ಬಂತು, ಜನ ಆ ಕಡೆ ಹೋದರು. ಬೋರ್ಗಿಲ್ಡಳಿಗೆ ಮರೆವು ಬಂತು.

ಮೊದಮೊದಲು ಒಂದು ಪದ, ಆಮೇಲೆ ಒಂದು ಸಾಲು. ಪೆಟ್ಟಿಗೆಯಿಂದ ಥೋರಾ ಎತ್ತಿಕೊಡುವಳು, ಆಕೆ ಹಿಡಿದುಕೊಳ್ಳುವಳು. ಒಂದು ದಿನ ಥೋರಾ ಮೂರು ಸಲ ಎತ್ತಿಕೊಟ್ಟರೂ ಬೋರ್ಗಿಲ್ಡ್ ಆ ಮಾತು ಯಾರದೆಂಬಂತೆ ನೋಡುತ್ತ ನಿಂತಳು. ಪರದೆ ಇಳಿಸಬೇಕಾಯಿತು. ಬಣ್ಣದ ಕೋಣೆಯಲ್ಲಿ ಆಕೆ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು.

“ವಕೀಲ್ರೇ, ಇನ್ನೊಂದೇ ಒಂದು ಪಾತ್ರ ಕೊಡಿಸಿ. ಒಂದನ್ನ ನೆಟ್ಟಗೆ ಮಾಡಿ ಹೋಗ್ಬೇಕು ನಾನು. ಹಿಂಗೆ ಹೋಗೋಕಾಗಲ್ಲ.”

ಇಷ್ಟು ವರ್ಷದಲ್ಲಿ ಆಕೆ ಅವನನ್ನು ಏನನ್ನೂ ಕೇಳಿರಲಿಲ್ಲ.

ಮೋನ್ಸೆನ್ ಸಾಹುಕಾರರು ಮಂಡಳಿಯ ಸಭೆಯಲ್ಲಿ ನೇರವಾಗಿಯೇ ಹೇಳಿದರು. “ನೋಡಿ ಲಿಂಡೋಸ್, ಮುದುಕಿಯನ್ನ ಗೌರವವಾಗಿ ಮನೆಗೆ ಕಳಿಸಿ. ಈ ಸಲದ ನಾಟಕ ಬಿದ್ರೆ ಕಟ್ಟಡ ಸಿನಿಮಾದವರಿಗೆ. ಆಮೇಲೆ ನೀವು ಉಂಟು, ನಿಮ್ ಹಳೇ ಕಾನೂನು ಪುಸ್ತಕ ಉಂಟು. ಆಕೆಗೆ ಮಾತು ನೆನಪಿರುತ್ತೋ ಇಲ್ಲವೋ, ಅಷ್ಟು ಹೇಳಿ.”

ಸಿಗ್ವಾರ್ಟ್ ಎದ್ದು ನಿಂತ. ಹಿಂದಿನ ದಿನ ತಾಲೀಮಿನಲ್ಲಿ ಬೋರ್ಗಿಲ್ಡ್ ಕೊನೆಯ ಅಂಕದ ಒಂದು ಸಾಲನ್ನೂ ಸರಿಯಾಗಿ ಹೇಳಿರಲಿಲ್ಲ. ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡ. “ಮೊದಲನೇ ಮಾತಿಂದ ಕೊನೇ ಮಾತಿನ ತನಕ,” ಎಂದು, ಅಲ್ಲಿ ನಿಲ್ಲಿಸಿದ. “ಬಾಯಿಪಾಠ.” ಕಣ್ಣಂಚು ಒರೆಸಿಕೊಂಡ. ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾಗಿದ್ದರೆ ಆಗಲಿ ಎಂದರು.

“ಇವತ್ತು ಸುಳ್ಳು ಹೇಳಿ ಗೆದ್ದೆ,” ಎಂದ ಮನೆಗೆ ಬಂದು.

ಓಗೋತ್ ಹೆಣಿಗೆಯಿಂದ ತಲೆ ಎತ್ತಿದಳು. “ಯಾರ ದೋಣಿ ಹೋಯ್ತು?”

“ಇನ್ನೂ ಗೊತ್ತಿಲ್ಲ.”

ಹೊಸ ನಾಟಕದಲ್ಲಿ ಬೋರ್ಗಿಲ್ಡಳದು ದೀಪಸ್ತಂಭದ ಕಾವಲುಗಾರನ ಹೆಂಡತಿಯ ಪಾತ್ರ. ಬಿರುಗಾಳಿಯ ಒಂದು ರಾತ್ರಿ ದೀಪ ಆರಿಹೋಗಿ, ದೋಣಿಯೊಂದು ಬಂಡೆಗೆ ಬಡಿದು ಹೋಗಿದೆ. ತಪ್ಪನ್ನು ಗಂಡ ತಲೆಯ ಮೇಲೆ ಹೊತ್ತು ಸತ್ತಿದ್ದಾನೆ. ಕೊನೆಯ ಅಂಕದಲ್ಲಿ ಮುದುಕಿ ಒಬ್ಬಳೇ ನಿಂತು ನಡೆದದ್ದನ್ನು ಹೇಳಬೇಕು. ಒಂದೇ ಉಸಿರಿನ ಉದ್ದ ಮಾತು, ಎಳೆಯರಿಗೂ ಕಷ್ಟ.

ಮೊದಲ ಸಂಜೆ ಪರದೆ ಏಳುವ ಮುಂಚೆ ಸಿಗ್ವಾರ್ಟ್ ಬೋರ್ಗಿಲ್ಡಳ ಹಿಂದೆ ಬಂದು ಥೂ ಥೂ ಅಂದು ಮೊಣಕಾಲು ತಾಗಿಸಿದ. ಆಕೆ ತಿರುಗಲಿಲ್ಲ, ಮಾತಾಡಲಿಲ್ಲ. ಅವನು ನೇರ ಥೋರಾಳ ಹತ್ತಿರ ಹೋಗಿ, “ಕೊನೇ ಅಂಕಕ್ಕೆ ನೀವು ಮೇಲೆ ಬನ್ನಿ. ಪೆಟ್ಟಿಗೇಲಿ ನಾನು ಕೂತ್ಕೋತೀನಿ,” ಎಂದ.

“ನಿಮಗೆ ಮಾತು ಎತ್ತಿಕೊಡೋಕೆ ಬರುತ್ತಾ ಡೈರೆಕ್ಟ್ರೇ?”

“ಬರಲ್ಲ,” ಎಂದ.

ಮೊದಲ ಎರಡು ಅಂಕ ಥೋರಾಳ ಕೃಪೆಯಿಂದ ದಾಟಿದವು. ಮೂರನೆಯದಕ್ಕೆ ಸಿಗ್ವಾರ್ಟ್ ತನ್ನ ಐವತ್ತು ದಾಟಿದ ಮೊಣಕಾಲುಗಳನ್ನು ಮಡಚಿ ಆ ಗೂಡಿನೊಳಗೆ ತೂರಿಕೊಂಡ. ಅಲ್ಲಿಂದ ಕಾಣುವುದು ರಂಗದ ಹಲಗೆ, ಬೋರ್ಗಿಲ್ಡಳ ಬೂಟು, ಕತ್ತೆತ್ತಿದರೆ ಮುಖ. ಆಕೆ ಬಂದು ನಿಂತಳು. ಒಂದು ಸಾಲು ಹೇಳಿದಳು. ಇನ್ನೊಂದರ ಅರ್ಧಕ್ಕೆ ನಿಂತಳು. ಆಕೆಯ ಕಣ್ಣು ಖಾಲಿಯಾಗುವುದನ್ನು ಅವನು ಕೆಳಗಿನಿಂದ ಕಂಡ. ಮುಂದಿನ ಸಾಲಿನಲ್ಲಿ ಮೋನ್ಸೆನ್ನರು ಕುರ್ಚಿಯಲ್ಲಿ ಹೊರಳಿದ ಸದ್ದು ಅವನಿಗೆ ಕೇಳಿಸಿತು.

ಪುಸ್ತಕ ತೊಡೆಯ ಮೇಲಿತ್ತು. ಅವನು ಅದನ್ನು ನೋಡಲಿಲ್ಲ.

“ದೀಪಕ್ಕೆ ಎಣ್ಣೆ ಹಾಕೋದು ಯಾರ ಕೆಲಸ?” ಎಂದು ಪಿಸುಗುಟ್ಟಿದ.

ಬೋರ್ಗಿಲ್ಡ್ ಕತ್ತು ತುಸು ವಾಲಿಸಿದಳು. “ನನ್ನ ಕೆಲಸ,” ಎಂದಳು, ಸಭೆಗೆಲ್ಲ ಕೇಳುವಂತೆ.

“ಆ ರಾತ್ರಿ ಯಾಕೆ ಹಾಕ್ಲಿಲ್ಲ?”

“ಕೈ ಬಿಡುವಿರಲಿಲ್ಲ.”

“ಕೈಯಲ್ಲಿ ಏನಿತ್ತು?”

ಆಕೆ ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಂಡಳು. “ಮಗು ಇತ್ತು. ಮೈ ಕೆಂಡದ ಹಾಗೆ ಸುಡ್ತಾ ಇತ್ತು. ಕೆಳಗಿಟ್ರೆ ಅಳ್ತಿತ್ತು. ಮೆಟ್ಟಿಲು ಹತ್ಬೇಕು ಅಂತ ಗೊತ್ತಿತ್ತು ನಂಗೆ. ಕಿಟಕೀಲಿ ಕತ್ತಲಾಗಿದ್ದೂ ಕಾಣಿಸ್ತು. ಸಮುದ್ರದಲ್ಲಿ ಯಾರೋ ಇರ್ತಾರೆ ಅಂತ ಗೊತ್ತಿದ್ದೂ ನಾನು ಮಗುನ ಕೆಳಗಿಡ್ಲಿಲ್ಲ.”

ಪುಸ್ತಕದಲ್ಲಿ ಮಗುವೇ ಇರಲಿಲ್ಲ. ನಿದ್ದೆ ಬಂತು ಎಂದಿತ್ತು. ಸಿಗ್ವಾರ್ಟ್ ಕೇಳುತ್ತ ಹೋದ, ಆಕೆ ಹೇಳುತ್ತ ಹೋದಳು. ಜನರಿಗೆ ಪ್ರಶ್ನೆ ಕೇಳಿಸಲಿಲ್ಲ. ಮುದುಕಿ ಸತ್ತ ಗಂಡನಿಗೆ ಉತ್ತರ ಕೊಡುತ್ತಿದ್ದಾಳೆ ಎಂದುಕೊಂಡರು. ಮೇಲಟ್ಟದಲ್ಲಿ ಯಾರೋ ಬಿಕ್ಕಿದರು. ಪರದೆ ಇಳಿದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಮೋನ್ಸೆನ್ನರು ಎದ್ದು ನಿಂತಿದ್ದರು. ನಾಟಕ ಬರೆದವರಿಗೆ ಮಾತ್ರ ಸಿಟ್ಟು ಬಂತು. ಮರುದಿನ ಪತ್ರಿಕೆಗಳನ್ನು ಓದಿ ಅವರೂ ಮಗುವನ್ನು ಪುಸ್ತಕಕ್ಕೆ ಸೇರಿಸಿಕೊಂಡರು.

ಸಿಗ್ವಾರ್ಟನನ್ನು ಪೆಟ್ಟಿಗೆಯಿಂದ ಇಬ್ಬರು ಹಿಡಿದೆಳೆಯಬೇಕಾಯಿತು. ಬೋರ್ಗಿಲ್ಡ್ ಬೆವರು ಒರೆಸಿಕೊಳ್ಳುತ್ತ ಎದುರಿಗೆ ಬಂದಳು. ಈಗ ಆ ಮಾತು ಬರುತ್ತದೆ ಎಂದು ಅವನು ಕಾದ. ‘ಡೈರೆಕ್ಟ್ರೇ’ ಆದರೂ ಸರಿ, ‘ಉಪಕಾರ’ವಾದರೂ ಸರಿ ಎಂಬಷ್ಟು ಕಾದ. ಆಕೆ ಅವನ ಕೋಟಿನ ಧೂಳು ಕೊಡವಿದಳು.

“ನಾಳೇನೂ ಆಟ ಇದೆ ವಕೀಲ್ರೇ. ಈಗ್ಲೇ ಉಪಕಾರ ಅಂದ್ರೆ ಕೆಡುತ್ತೆ. ಕೊನೇ ಆಟ ಮುಗೀಲಿ, ಹೇಳ್ತೀನಿ.”

ಆ ಚಳಿಗಾಲ ಪೂರ್ತಿ ನಾಟಕ ನಡೆಯಿತು. ಪ್ರತಿ ಸಂಜೆ ಅವನು ಪೆಟ್ಟಿಗೆಗೆ ಇಳಿದ, ಆಕೆ ಬೇರೆ ಬೇರೆ ಉತ್ತರ ಕೊಟ್ಟಳು, ಒಂದೂ ಸುಳ್ಳೆನಿಸಲಿಲ್ಲ. ಕಟ್ಟಡ ಸಿನಿಮಾದವರಿಗೆ ಹೋಗಲಿಲ್ಲ. ಕೊನೆಯ ಆಟಕ್ಕೆ ಒಂದು ವಾರ ಇರುವಾಗ ಬೋರ್ಗಿಲ್ಡ್ ತನ್ನ ಮನೆಯ ದಾರಿ ಮರೆತು ಹಡಗುಕಟ್ಟೆಯ ಮಳೆಯಲ್ಲಿ ನಿಂತಿದ್ದಳು. ಆಸ್ಪತ್ರೆಗೆ ಸೇರಿಸಿದರು. ಕೊನೆಯ ಆಟ ಆಗಲೇ ಇಲ್ಲ.

ವಸಂತದಲ್ಲಿ ಅವನು ನೋಡಲು ಹೋದ. ನರ್ಸು ಬಾಗಿಲಲ್ಲಿ ನಿಂತು, “ಅಜ್ಜಿ, ವಕೀಲ ಲಿಂಡೋಸ್ ಬಂದಿದ್ದಾರೆ,” ಎಂದಳು.

ಬೋರ್ಗಿಲ್ಡ್ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಪರಿಚಯವಿರಲಿಲ್ಲ.

“ವಕೀಲ್ರು ಯಾಕೆ? ನಾನೇನ್ ತಪ್ಪು ಮಾಡಿದೀನಿ? ವಕೀಲ್ರು ಬೇಡ. ನಮ್ ಡೈರೆಕ್ಟ್ರನ್ನ ಕರೀರಿ.”

ಸಿಗ್ವಾರ್ಟ್ ಕುರ್ಚಿ ಎಳೆದುಕೊಂಡು ಕೂತ. ನಾನೇ ಅವನು ಎನ್ನಬಹುದಿತ್ತು. ಎಂದರೆ ಆಕೆ ಹೆದರುತ್ತಿದ್ದಳು.

“ನಿಮ್ಮ ಡೈರೆಕ್ಟ್ರು ಯಾರಮ್ಮ?” ಎಂದು ಕೇಳಿದ.

“ಇದಾನಪ್ಪ ಒಬ್ಬ. ನೆಲದೊಳಗೆ ಕೂತ್ಕೊಂಡು ಪ್ರಶ್ನೆ ಕೇಳ್ತಾನೆ. ಅವನು ಕೇಳಿದ್ರೆ ನಂಗೆ ಎಲ್ಲಾ ನೆನಪಾಗುತ್ತೆ.” ಆಕೆ ದನಿ ತಗ್ಗಿಸಿದಳು. “ಅವನಿಗೆ ಒಂದು ಮಾತು ಹೇಳೋದು ಬಾಕಿ ಇದೆ. ನಿಮಗೆ ಹೇಳಲ್ಲ.”

“ಬೇಡ, ನನಗೆ ಹೇಳ್ಬೇಡಿ,” ಎಂದ. “ಬಂದಾಗ ಅವರಿಗೇ ಹೇಳಿ.”

ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತ. ಬೇಕೆಂದ ಮಾತು ಸಿಕ್ಕಿತ್ತು, ಆಕೆಯ ಕಣ್ಣಿಗೆ ಪಡೆದವನು ಅಲ್ಲಿ ಇರಲಿಲ್ಲ, ಅಷ್ಟೇ. ನರ್ಸು ಬಂದು ಕಾಫಿ ಕೊಟ್ಟಳು, ಅವನು ಉಪಕಾರವಾಯಿತು ಎಂದ.

ಬೋರ್ಗಿಲ್ಡ್ ಜೂನ್ ತಿಂಗಳಲ್ಲಿ ತೀರಿಕೊಂಡಳು. ಇಗರ್ಜಿ ತುಂಬಿತ್ತು. ಶವಪೆಟ್ಟಿಗೆಯ ಸುತ್ತ ಇಟ್ಟ ಹೂಗಳಿಗೆ ಕಟ್ಟಿದ ಬಟ್ಟೆಯ ಪಟ್ಟಿಗಳ ಮೇಲೆಲ್ಲ ಅದೇ ಮಾತು: ಎಲ್ಲದಕ್ಕೂ ಉಪಕಾರವಾಯಿತು. ಮೋನ್ಸೆನ್ನರು ಊರಿನ ಪರವಾಗಿ ಅದನ್ನೇ ಉದ್ದವಾಗಿ ಹೇಳಿದರು. ನಾಟಕಶಾಲೆಯ ಪರವಾಗಿ ನಿರ್ದೇಶಕರು ಎಂದು ಪಾದ್ರಿ ಕರೆದಾಗ ಸಿಗ್ವಾರ್ಟ್ ಬರಿಗೈಯಲ್ಲಿ ಎದ್ದ. ಅವನ ಪಟ್ಟಿಯಿಲ್ಲ, ಹೂವಿಲ್ಲ. ಎಲ್ಲರ ಹಾಗೆ ಪೆಟ್ಟಿಗೆಯ ಕಾಲ ಬಳಿ ನಿಲ್ಲದೆ, ಸುತ್ತಿಕೊಂಡು ತಲೆಯ ಹಿಂಬದಿಗೆ ಹೋದ. ಹೆಗಲು ಇರಬೇಕಾದ ಜಾಗದ ಮೇಲೆ ಬಾಗಿದ.

“ಥೂ, ಥೂ,” ಎಂದ. ಮೊಣಕಾಲಿನಿಂದ ಹಲಗೆಗೆ ಮೆಲ್ಲಗೆ ಒಂದು ಗುದ್ದು ಕೊಟ್ಟ.

ಪಾದ್ರಿಯ ಮುಖ ಕೆಂಪಾಯಿತು. ಮೋನ್ಸೆನ್ನರು ‘ಏನ್ರೀ ಇದು’ ಎಂಬಂತೆ ಓಗೋತಳ ಕಡೆ ತಿರುಗಿದರು. ಹಿಂದಿನ ಬೆಂಚುಗಳಲ್ಲಿ ನಾಟಕದವರು ಮಾತ್ರ, ಪರದೆ ಏಳುವ ಹೊತ್ತಾಯಿತೆಂಬಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಸಿಗ್ವಾರ್ಟ್ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಬೋರ್ಗಿಲ್ಡ್ ಏನೂ ಹೇಳಲಿಲ್ಲ. ಹೇಳಲೂಬಾರದು.